ಮುಕ್ತಿಗೆ ಜಿಎಸ್‌ಟಿ ಬೇರೆ

ತೀರ್ಥಹಳ್ಳಿ ಹತ್ತಿರ ನಮ್ಮ ಭಾವನ ಹೋಂಸ್ಟೇ ಇದೆ. ಮೊದಲು ಅಲ್ಲಿ ಕಡುಬು, ಕೋಳಿಸಾರು, ಆಗುಂಬೆ ಸೂರ್ಯಾಸ್ತಕ್ಕೆ ಜೀಪು, ಉಂಬಳ ಕಚ್ಚಿದರೆ ಸುಣ್ಣ, ಇಷ್ಟೇ ಸಿಗುತ್ತಿತ್ತು. ಈಗ ಮುಕ್ತಿಯೂ ಸಿಗುತ್ತದೆ. ತಲೆಗೆ ನಾಲ್ಕೂವರೆ ಸಾವಿರ, ಜಿಎಸ್‌ಟಿ ಬೇರೆ.

ಹೋದ ತಿಂಗಳು 'ಸ್ವೆಟ್ ಲಾಡ್ಜ್' ಇತ್ತು. ಅಮೆರಿಕದ ಲಕೋಟಾ ಬುಡಕಟ್ಟಿನವರು ಇದಕ್ಕೆ ಇನಿಪಿ ಅನ್ನುತ್ತಾರೆ. ಕೋಲು ಬಗ್ಗಿಸಿ ಕಟ್ಟಿದ ಗುಡಿಸಲು, ಒಳಗೆ ಕಾದ ಕಲ್ಲು, ಅದರ ಮೇಲೆ ನೀರು, ಕತ್ತಲಲ್ಲಿ ಪ್ರಾರ್ಥನೆ. ನಮ್ಮಲ್ಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ಬಿದಿರು ಬಗ್ಗಿಸಿ ನೀಲಿ ಟಾರ್ಪಲ್ ಹೊದಿಸಿದರು. ನಡೆಸೋಕೆ ಬೆಂಗಳೂರಿಂದ ಒಬ್ಬ ಶಾಮನ್, ಅಂದರೆ ಬುಡಕಟ್ಟಿನ ಮಂತ್ರವಾದಿ ಥರದವನು, ಬಂದಿದ್ದ. ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇದೆಯಂತೆ, ಲ್ಯಾಮಿನೇಷನ್ ಸಮೇತ.

ಅವನಿಗೆ ಹದ್ದಿನ ಗರಿ ಬೇಕಿತ್ತು. ಭಾವ ಕೊಟ್ಟಿಗೆ ಹಿಂದೆ ಹೋಗಿ ಹುಂಜದ ಬಾಲದಿಂದ ನಾಲ್ಕು ಗರಿ ಕಿತ್ತು ತಂದರು.

"ಭಾವ, ಅದು ಚೌಡಿಗೆ ಬಿಟ್ಟ ಹುಂಜ ಅಲ್ವಾ?"

"ಸುಮ್ನಿರೋ ಮಾರಾಯ, ಗೆಸ್ಟ್ ಕೇಳಿಸ್ಕೊಂಡ್ರೆ ಮೂಢನಂಬಿಕೆ ಅಂದ್ಕೋತಾರೆ."

ನಾನೂ ಒಳಗೆ ಕೂತೆ, ಬಿಟ್ಟಿ ಸಿಕ್ಕಿದ್ದಕ್ಕೆ. ಹತ್ತು ನಿಮಿಷಕ್ಕೆ ನೆನಪಾಗಿದ್ದು ನಮ್ಮ ಮನೆ ಬಚ್ಚಲು. ದೀಪಾವಳಿ ಬೆಳಗ್ಗೆ ಹಂಡೆ ಪಕ್ಕ ಕೂರಿಸಿ, ಎಣ್ಣೆ ತಿಕ್ಕಿ, ಕಣ್ಣಿಗೆ ಸೀಗೆಪುಡಿ ಹೋಗೋ ಹಾಗೆ ಅಮ್ಮ ಮೀಸುತ್ತಿದ್ದರು, ಅದೇ ಹಬೆ, ಅದೇ ಬೆವರು, ಮೇಲೆ ಬೈಗುಳ ಫ್ರೀ.

ಬೇರೆಯವರ ದೇವರಿಗೆ ಕೈ ಮುಗಿಯೋದು ನಮಗೇನು ಹೊಸದಲ್ಲ. ಇದೇ ತಾಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ, ಭೂತರಾಯ, ಚೌಡೇಶ್ವರಿ ಎಲ್ಲ ಒಂದೇ ಕಡೆ. ದನ ತಪ್ಪಿಸಿಕೊಂಡರೆ ನಮ್ಮಜ್ಜಿ ಅಲ್ಲಿಗೇ ಹರಕೆ ಹೊರುತ್ತಿದ್ದರು, ಯಾವ ಧರ್ಮದ ಕಟ್ಟೆ ಅಂತ ದನವೂ ಕೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಆದರೆ ಹರಕೆ ತೀರಿಸೋದು ತಡವಾದರೆ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಲಕೋಟಾದವರ ದೇವರಿಗೆ ಭಾವ ಹೆದರಲ್ಲ. ಅದು ಬರಬೇಕಾದರೆ ವೀಸಾ ಬೇಕು.

ಇಂಥ ಆಚರಣೆಗಳನ್ನು 1883ರಲ್ಲಿ ಅಮೆರಿಕ ಸರ್ಕಾರವೇ ಅಪರಾಧ ಅಂತ ಮಾಡಿತ್ತು. ಕಾನೂನಿನ ರಕ್ಷಣೆ ಸಿಕ್ಕಿದ್ದು 1978ರಲ್ಲಿ. ಅಷ್ಟರಲ್ಲಿ ಮಾರುವವರು ಹುಟ್ಟಿಕೊಂಡರು, 1993ರಲ್ಲಿ ಲಕೋಟಾ ಜನ ಅವರ ಮೇಲೆ ಯುದ್ಧ ಅಂತಲೇ ಘೋಷಿಸಿದರು. 2009ರಲ್ಲಿ ಅರಿಜೋನಾದಲ್ಲಿ ದುಡ್ಡು ಕಟ್ಟಿ ಹೀಗೇ ಬೆವರಲು ಹೋದ ಮೂವರು ಸತ್ತರು. ಇಷ್ಟೆಲ್ಲ ಹೇಳಿದ್ದಕ್ಕೆ ಭಾವ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಇನ್ಶೂರೆನ್ಸ್ ಮಾಡಿಸ್ಬೇಕೇನೋ?"

ಮುಂದಿನ ತಿಂಗಳು ಟಿಬೆಟಿನ ಬಟ್ಟಲು ಬಾರಿಸೋ ಕಾರ್ಯಕ್ರಮವಂತೆ. ಬಟ್ಟಲಿಗೆ ಆನ್‌ಲೈನ್ ಆರ್ಡರ್ ಆಗಿದೆ, ಬಾರಿಸೋದು ಇದೇ ಶಾಮನ್. ಶಿರಸಿ ದಾಟಿದರೆ ಮುಂಡಗೋಡ, ಅಲ್ಲಿ 1960ರ ದಶಕದಿಂದ ಟಿಬೆಟಿನವರೇ ಇದ್ದಾರೆ, ದೊಡ್ಡ ದೊಡ್ಡ ಮಠಗಳಿವೆ. ಅಲ್ಲಿಂದಲೇ ಒಬ್ಬ ಲಾಮಾನ್ನ ಕರೀಬಹುದಲ್ವಾ ಅಂದೆ.

"ಅವರು ಕನ್ನಡ ಮಾತಾಡ್ತಾರೆ ಕಣೋ. ಗೆಸ್ಟ್‌ಗೆ ನಂಬಿಕೆ ಬರಲ್ಲ."

ಟಾರ್ಪಲ್ ಮಡಚುವಾಗ ತೋಟದ ಕೆಲಸಕ್ಕೆ ಬರುವ ಅಜ್ಜಿ ಬಾಲ ಬೋಳಾದ ಹುಂಜವನ್ನು ನೋಡಿದರು. "ಗೌಡ್ರೇ, ಇದನ್ನ ಚೌಡಿಗೆ ಹೆಂಗೆ ಕೊಡೋದು?"

ಭಾವ ನಗಲಿಲ್ಲ. ಸಂಜೆಯೊಳಗೆ ಪೇಟೆಗೆ ಹೋಗಿ, ಬಾಲ ನೆಟ್ಟಗಿರೋ ಇನ್ನೊಂದು ಹುಂಜ ತಂದು ಕಟ್ಟಿದರು. ದುಡ್ಡನ್ನು ಶಾಮನ್ ಖರ್ಚಿಗೆ ಬರೆದುಕೊಂಡರು.