ವಿಝರ್ಡ್‌ಗೆ ಮೊದಲ ಫೀಟ್ ಯಾವುದು? ಮೊದಲು ಕಾನ್ಸಂಟ್ರೇಶನ್ ಉಳಿಸಿಕೊಳ್ಳಿ

ಕಕ್ಕಡದ ಮಳೆ ಹಿಡಿದರೆ ಮಡಿಕೇರಿ, ಗೋಣಿಕೊಪ್ಪ ಕಡೆ ಸಂಜೆ ಹೊರಗೆ ಹೋಗುವ ಮಾತೇ ಇಲ್ಲ, ಕರೆಂಟ್ ಕೂಡ ನೆಚ್ಚೋ ಹಾಗಿಲ್ಲ. ಪಾತ್ರ ಕಟ್ಟಿಕೊಂಡು ಡೈಸ್ ಹಾಕಿ ಆಡೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಇದೇ ಕಾಲ. ಹಾಗೆ ವಿಝರ್ಡ್ (ಮಂತ್ರವಾದಿ) ಆಡೋಕೆ ಕೂರುವ ಹೊಸಬರಿಗೆ ಈ ಮಾತು: ನಾಲ್ಕನೇ ಲೆವೆಲ್‌ನಲ್ಲಿ ಡ್ಯಾಮೇಜ್ ಹೆಚ್ಚಿಸೋ ಫೀಟ್‌ಗೆ (ಪಾತ್ರಕ್ಕೆ ಆರಿಸಿಕೊಳ್ಳೋ ವಿಶೇಷ ಸಾಮರ್ಥ್ಯ) ಕೈ ಹಾಕಬೇಡಿ. (ನಾನು ಹೇಳ್ತಿರೋದು 2014ರ ನಿಯಮ.)

ಅಂಥದ್ದೊಂದು ಎಲಿಮೆಂಟಲ್ ಅಡೆಪ್ಟ್. ಅದನ್ನ ತಗೊಂಡರೆ ಡೈಸಲ್ಲಿ 1 ಬಿದ್ದರೂ 2 ಅಂತ ಎಣಿಸಬಹುದು. ಫೈರ್‌ಬಾಲ್ ಅನ್ನೋ ಬೆಂಕಿ ಸ್ಪೆಲ್‌ನ (ಮಂತ್ರ) ಎಂಟು ಡೈಸಿಗೆ ಸರಾಸರಿ 28 ಇದ್ದದ್ದು 29 ಚಿಲ್ಲರೆ ಆಗುತ್ತೆ, ಅಷ್ಟೇ. ರೆಸಿಸ್ಟೆನ್ಸ್ (ಡ್ಯಾಮೇಜ್ ಅರ್ಧ ಮಾಡೋ ತಡೆ) ದಾಟುತ್ತೆ ನಿಜ. ಆದರೆ ಕೆಂಪು ಡ್ರ್ಯಾಗನ್‌ಗೆ ಬೆಂಕಿ ತಾಗೋದೇ ಇಲ್ಲ, ಅಲ್ಲಿ ಈ ಫೀಟ್ ಇದ್ದೂ ಇಲ್ಲದ ಹಾಗೆ.

ನಿಜವಾದ ಪೆಟ್ಟು ಬೀಳೋದು ಕಾನ್ಸಂಟ್ರೇಶನ್ (ಹಾಕಿದ ಸ್ಪೆಲ್ ಉಳಿಸೋಕೆ ಬೇಕಾದ ಗಮನ) ಮುರಿದಾಗ. ಜೊತೆಗಾರ ಫೈಟರ್ ಮೇಲೆ ವೇಗ ಹೆಚ್ಚಿಸೋ ಹೇಸ್ಟ್ ಸ್ಪೆಲ್ ಹಾಕಿದ್ದೀರಿ, ನಿಮಗೊಂದು ಬಾಣ ತಾಗಿ ಸ್ಪೆಲ್ ಬಿದ್ದುಹೋಯ್ತು ಅಂದ್ರೆ ಅವನ ಮುಂದಿನ ಸರದಿ ಪೂರ್ತಿ ವ್ಯರ್ಥ. ಏಟು ಬಿದ್ದಾಗ 10 ಅಥವಾ ಡ್ಯಾಮೇಜ್‌ನ ಅರ್ಧ, ಯಾವುದು ದೊಡ್ಡದೋ ಅದನ್ನು ಕಾನ್‌ಸ್ಟಿಟ್ಯೂಶನ್ (ದೇಹದ ಗಟ್ಟಿತನ) ಸೇವ್, ಅಂದ್ರೆ ಡಿ20 ಎಂಬ ಇಪ್ಪತ್ತು ಮುಖದ ಡೈಸಿನ ಅಂಕಿ ಮತ್ತು ನಿಮ್ಮ ಬೋನಸ್ ಸೇರಿ, ಮುಟ್ಟಬೇಕು. ಒಂದೇ ಸುತ್ತಲ್ಲಿ ಮೂರು ಏಟು ಬಿದ್ದರೆ ಮೂರು ಸಲ ಡೈಸ್ ಹಾಕಬೇಕು, ಹೊಸಬರು ಮರೆಯೋದೇ ಇದನ್ನ. ಗುರಿ 10 ಇದ್ದಾಗ ಬೋನಸ್ +2 ಇರುವವರು ಮೂರನ್ನೂ ಗೆಲ್ಲುವ ಸಾಧ್ಯತೆ ಶೇ. 27. ವಾರ್ ಕಾಸ್ಟರ್ ಅನ್ನೋ ಫೀಟ್ ಇದ್ದರೆ ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ತೀರಿ, ಅದು ಶೇ. 67 ದಾಟುತ್ತೆ.

ಹಾಗಾದ್ರೆ ಎಲ್ಲರಿಗೂ ವಾರ್ ಕಾಸ್ಟರ್ರಾ? ಇಲ್ಲ, ಮೊದಲು ನಿಮ್ಮ ಪಾತ್ರದ ಅಂಕಗಳಿರೋ ಶೀಟ್ ನೋಡಿ. ಕಾನ್‌ಸ್ಟಿಟ್ಯೂಶನ್ 15 ಇದ್ದರೆ ರೆಸಿಲಿಯೆಂಟ್ ಫೀಟ್ ತಗೊಳ್ಳಿ: 16 ಆಗುತ್ತೆ, ಪ್ರೊಫಿಶಿಯೆನ್ಸಿಯೂ (ಲೆವೆಲ್ ಜೊತೆ ಬೆಳೆಯೋ ಬೋನಸ್) ಸೇರುತ್ತೆ, ವಿಷದಂಥ ಬೇರೆ ಸೇವ್‌ಗಳಿಗೂ ಬರುತ್ತೆ. ನಾಲ್ಕನೇ ಲೆವೆಲ್‌ನಲ್ಲಿ ಇದು ವಾರ್ ಕಾಸ್ಟರ್‌ಗಿಂತ ಸ್ವಲ್ಪ ಹಿಂದೆ. ಒಂಬತ್ತಕ್ಕೆ ಬೋನಸ್ +7 ಆಗಿ ಮುಂದೆ ಹೋಗುತ್ತೆ, ಹದಿನೇಳರಲ್ಲಿ +9, ಆಗ ಡೈಸಲ್ಲಿ 1 ಬಿದ್ದರೂ 10 ಮುಟ್ಟಿತು. ಸ್ಕೋರ್ 14 ಇದ್ದರೆ ವಾರ್ ಕಾಸ್ಟರ್ರೇ ಸರಿ. ಸಾರ್ಸರರ್ ಅನ್ನೋ ಇನ್ನೊಂದು ಬಗೆಯ ಮಂತ್ರವಾದಿಗೆ ಆ ಪ್ರೊಫಿಶಿಯೆನ್ಸಿ ಹುಟ್ಟಿನಿಂದಲೇ ಇದೆ, ರೆಸಿಲಿಯೆಂಟ್‌ಗೆ ದುಡಿದ ಫೀಟ್ ಸುರಿಯಬೇಡಿ.

ಕ್ಲೆರಿಕ್ (ದೇವರ ಬಲದಿಂದ ಸ್ಪೆಲ್ ಹಾಕೋ ಪಾತ್ರ) ಆಡೋರು ಇನ್ನೊಂದು ಗಮನಿಸಿ. ಒಂದು ಕೈಲಿ ಗದೆ, ಇನ್ನೊಂದರಲ್ಲಿ ಗುರಾಣಿ ಇದ್ದರೆ ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಹಾಕುವಾಗ ಕೈಸನ್ನೆ ಮಾಡೋಕೆ ಖಾಲಿ ಕೈ ಇಲ್ಲ. ಗುರಾಣಿ ಮೇಲೆ ಹೋಲಿ ಸಿಂಬಲ್ ಇದ್ದರೂ ಈ ಸ್ಪೆಲ್‌ಗೆ ನಡೆಯಲ್ಲ, ಯಾಕಂದ್ರೆ ಸಿಂಬಲ್ ಹಿಡಿದ ಕೈಲೇ ಸನ್ನೆ ಮಾಡಬಹುದಾದ್ದು ಮೆಟೀರಿಯಲ್ (ಸಾಮಗ್ರಿ) ಬೇಕಾದ ಸ್ಪೆಲ್‌ಗೆ ಮಾತ್ರ, ಇದಕ್ಕೆ ಅದು ಬೇಕಿಲ್ಲ. ವಾರ್ ಕಾಸ್ಟರ್ ಈ ತೊಡಕನ್ನೂ ಬಿಡಿಸುತ್ತೆ.

ಇಂಟೆಲಿಜೆನ್ಸ್ 17ರಲ್ಲಿ ನಿಂತಿದ್ದರೆ ಫೇ ಟಚ್ಡ್ ಫೀಟ್ ಕೇಳಿ ನೋಡಿ: 18 ಆಗುತ್ತೆ, ಥಟ್ಟನೆ ಜಾಗ ಬದಲಿಸೋ ಮಿಸ್ಟಿ ಸ್ಟೆಪ್ ಸ್ಪೆಲ್ ದಿನಕ್ಕೊಂದು ಸಲ ಸ್ಲಾಟ್ (ಸ್ಪೆಲ್ ಹಾಕೋಕೆ ಇರೋ ಮಿತಿಯ ಲೆಕ್ಕ) ಖರ್ಚಿಲ್ಲದೆ ಸಿಗುತ್ತೆ. ಅದು 2020ರ ಪುಸ್ತಕದ್ದು, ಡಿಎಂ (ಆಟ ನಡೆಸುವವರು) ಒಪ್ಪಬೇಕು. 2024ರ ನಿಯಮದಲ್ಲಿ ಆಡುವವರಿಗಂತೂ ವಾರ್ ಕಾಸ್ಟರ್ರೇ ಇಂಟೆಲಿಜೆನ್ಸ್‌ಗೆ +1 ಕೊಡುತ್ತೆ.