ಹೇಂಟೆಯ ಕೆಲಸ ನಮ್ಮ ತಲೆಗೆ ಬಂದಾಗ

ಕೋಳಿಮರಿ ಸಾಕಿದ್ದು ಇದೇ ಮೊದಲು. 12 ತಂದೆ, 9 ಉಳಿದವು. "ಮರಿ ಅಂದ್ಮೇಲೆ ಒಂದೆರಡು ಸಾಯೋದು ಮಾಮೂಲು ಬಿಡಿ" ಅಂತ ಎಲ್ಲರೂ ಸಮಾಧಾನ ಹೇಳಿದರು. ನನಗೆ ಆ ಮಾತು ಹಿಡಿಸಲಿಲ್ಲ. ಒಂದು ಮರಿ ಬರುವಾಗಲೇ ಸೊರಗಿತ್ತು, ಒಪ್ಪುತ್ತೇನೆ. ಉಳಿದ ಎರಡು ಸತ್ತಿದ್ದು ನನ್ನಿಂದ. ಅದನ್ನ ಮಾಮೂಲು ಅಂತ ಸುಮ್ನೆ ತಳ್ಳಿಹಾಕಿದರೆ ಮುಂದಿನ ಸಲವೂ ಅದೇ ಆಗುತ್ತೆ, ಅಲ್ವಾ?

ನಾನು ಮಾಡಿದ ಮೊದಲ ತಪ್ಪು ಇಷ್ಟೇ. ಮರಿ ಮನೆಗೆ ಬಂದ ಮೇಲೆ ಗೂಡು ಹೊಂದಿಸಲು ಕೂತೆ. ಸಂಜೆ ಹೊತ್ತು, ರಟ್ಟಿನ ಡಬ್ಬದೊಳಗೆ ಚಿಂವ್ ಚಿಂವ್ ಗಲಾಟೆ, ನಾನು ವೈರು ಹುಡುಕುತ್ತಾ, ಕಾವು ಕೊಡುವ ಬಲ್ಬು ಎಷ್ಟು ಎತ್ತರಕ್ಕೆ ಕಟ್ಟಬೇಕು ಅಂತ ಫೋನಿನಲ್ಲಿ ನೋಡುತ್ತಾ ಒಂದೂವರೆ ಗಂಟೆ ಕಳೆದೆ. ಅಷ್ಟರಲ್ಲಿ ಅವೆಲ್ಲ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗಿದ್ದವು. ಬೆಳಗ್ಗೆ ನೋಡಿದರೆ ಅಡಿಯಲ್ಲಿ ಸಿಕ್ಕಿದ್ದ ಒಂದು ಎದ್ದೇಳಲಿಲ್ಲ. ಚಳಿಗೆ ಗುಡ್ಡೆಯಾಗುವುದು ಅವುಗಳಿಗಿರುವ ಒಂದೇ ಉಪಾಯ. ಅಡಿಯಲ್ಲಿ ಸಿಕ್ಕಿದ್ದಕ್ಕೆ ಮಾತ್ರ ಉಸಿರು ಕಟ್ಟುತ್ತೆ.

ಎರಡನೆಯದು ನೀರಿನ ಬಟ್ಟಲಲ್ಲಿ ಹೋಯಿತು. ಬಟ್ಟಲು ಎರಡು ಬೆರಳಷ್ಟೂ ಆಳ ಇರಲಿಲ್ಲ. ಆದರೆ ಒಂದು ದಿನದ ಮರಿ ಒದ್ದೆಯಾಗಿ ಅಲ್ಲೇ ಕೂತು ತೂಕಡಿಸಿದರೆ ಅಷ್ಟೇ ಸಾಕು. ಆಮೇಲೆ ಬಟ್ಟಲಿಗೆ ಬೆಣಚುಕಲ್ಲು ತುಂಬಿಸಿದೆ. ಕೊಕ್ಕು ಹೋಗುತ್ತೆ, ಮರಿ ಹೋಗಲ್ಲ. ಎರಡು ನಿಮಿಷದ ಕೆಲಸ ಅದು.

ಮೋಸ ಹೋಗುವುದು ಎಲ್ಲಿ ಗೊತ್ತಾ? ಮರಿ ಬಂದ ದಿನ ಗಟ್ಟಿಮುಟ್ಟಾಗಿ ಕಾಣುತ್ತೆ. ಮೊಟ್ಟೆ ಒಡೆದು ಹೊರಗೆ ಬರುವ ಮುಂಚೆ ಅದು ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತೆ. ಆ ಬುತ್ತಿಯ ಬಲದಲ್ಲಿ ಎರಡು ದಿನ, ಕೆಲವು ಸಲ ಮೂರು ದಿನ, ಕಾಳು ನೀರು ಏನೂ ಇಲ್ಲದೆ ಬದುಕುತ್ತೆ. ಡಬ್ಬದಲ್ಲಿ ಹಾಕಿ ದೂರ ಸಾಗಿಸಲು ಆಗುವುದೂ ಅದರಿಂದಲೇ. ಆದರೆ ಆ ಬುತ್ತಿ ಕಟ್ಟಿರೋದು ಸಾಗಾಟಕ್ಕಲ್ಲ. ಹೇಂಟೆ 21 ದಿನ ಕಾವು ಕೂತ ಮೇಲೆ ಎಲ್ಲ ಮೊಟ್ಟೆಯೂ ಒಂದೇ ಗಳಿಗೆಗೆ ಒಡೆಯಲ್ಲ. ಕೊನೆಯದು ಬರುವ ತನಕ ಅವಳು ಎದ್ದು ಹೋಗುವಂತಿಲ್ಲ, ಮೊದಲು ಬಂದವು ಕಾಯಬೇಕು. ಅಂದರೆ ಮರಿ ನಮ್ಮ ಕೈಗೆ ಬರುವಷ್ಟರಲ್ಲಿ ಬುತ್ತಿ ಮುಗಿಯುತ್ತಾ ಬಂದಿರುತ್ತೆ. ನಾವು ಮಾತ್ರ "ಎಷ್ಟು ಚುರುಕಾಗಿವೆ ನೋಡು" ಅಂತ ಫೋಟೋ ತೆಗೆಯುತ್ತಾ ನಿಂತಿರುತ್ತೇವೆ.

ಹಾಗಾಗಿ ಬಲ್ಬು ಹಿಂದಿನ ದಿನವೇ ಉರಿಯುತ್ತಿರಬೇಕು. ಮೊದಲ ವಾರ ಅದರ ಕೆಳಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಥರ್ಮಾಮೀಟರ್ ನೋಡುತ್ತಾ ಕೂತವನು ಮರಿಯನ್ನ ನೋಡುವುದು ಬಿಟ್ಟುಬಿಡುತ್ತಾನೆ. ನಾನೂ ಬಿಟ್ಟಿದ್ದೆ. ಗುಡ್ಡೆಯಾಗಿ ಕಿರುಚುತ್ತಿದ್ದರೆ ಚಳಿ. ಗೋಡೆಗೆ ಒತ್ತಿಕೊಂಡು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು ಮೆಲ್ಲಗೆ ಚಿಲಿಪಿಲಿ ಅನ್ನುತ್ತಿದ್ದರೆ ಎಲ್ಲ ಸರಿಯಿದೆ. ಇನ್ನೊಂದು, ಇಡೀ ಗೂಡು ಒಂದೇ ಬಿಸಿ ಇರಬಾರದು. ಹೇಂಟೆಯ ರೆಕ್ಕೆ ಕೆಳಗೆ ಕಾವು, ಹೊರಗೆ ತಂಪು. ಮರಿ ತಿಂದು ಆಡಿ ಚಳಿಯಾದಾಗ ಒಳಗೆ ನುಗ್ಗುತ್ತೆ, ಬಿಸಿಯಾದಾಗ ಹೊರಗೆ ಬರುತ್ತೆ. ಗೂಡಿನ ಒಂದು ಮೂಲೆಗೆ ಬಲ್ಬು, ಇನ್ನೊಂದು ತುದಿ ತಂಪು, ಹೀಗೆ ಬಿಟ್ಟರೆ ಎಲ್ಲಿರಬೇಕು ಅನ್ನುವುದನ್ನ ಅವೇ ನೋಡಿಕೊಳ್ಳುತ್ತವೆ. ಬಲ್ಬನ್ನು ಮಾತ್ರ ಎರಡು ಕಡೆ ಗಟ್ಟಿಯಾಗಿ ಕಟ್ಟಿ. ಕೆಳಗೆ ಹಾಸಿದ ಒಣ ಹೊಟ್ಟಿನ ಮೇಲೆ ಬಿದ್ದರೆ ಗೂಡಷ್ಟೇ ಅಲ್ಲ, ಮನೆಯೂ ಸುಡುತ್ತೆ.

ನ್ಯೂಸ್‌ಪೇಪರ್ ಹಾಸಬೇಡಿ. ಕಾಲು ಜಾರಿ ಜಾರಿ ಎರಡೂ ಕಡೆ ಅಗಲವಾಗಿ ಹೋಗಿಬಿಡುತ್ತೆ, ಆಮೇಲೆ ಮರಿಗೆ ನಿಲ್ಲೋಕೇ ಆಗಲ್ಲ. ಒರಟು ಬಟ್ಟೆ ಹಾಸಿ, ಕಾಳು ಯಾವುದು ಹೊಟ್ಟು ಯಾವುದು ಅಂತ ಅವಕ್ಕೆ ಗೊತ್ತಾದ ಮೇಲೆ ಹೊಟ್ಟು ಹಾಕಿ.

ನಾಲ್ಕನೇ ದಿನ ಒಂದು ಮರಿ ತಿನ್ನದೆ ಮಂಕಾಗಿ ನಿಂತಿತ್ತು. ಎತ್ತಿ ನೋಡಿದರೆ ಹಿಂಭಾಗದಲ್ಲಿ ಹಿಕ್ಕೆ ಗಟ್ಟಿಯಾಗಿ ಅಂಟಿ ದಾರಿಯೇ ಮುಚ್ಚಿಹೋಗಿದೆ. ಹೀಗೇ ಬಿಟ್ಟರೆ ಸಾಯುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ನೆನೆಸಿ ನೆನೆಸಿ, ಎಳೆಯದೆ ಬಿಡಿಸಬೇಕು. ಎಳೆದರೆ ಚರ್ಮವೇ ಕಿತ್ತು ಬರುತ್ತೆ. ಆಮೇಲೆ ಚೆನ್ನಾಗಿ ಒಣಗಿಸಿ ಬಲ್ಬಿನ ಕೆಳಗೆ ಬಿಡಬೇಕು. ಈ ಕೆಲಸವನ್ನ ಯಾವ ಮುದ್ದು ವಿಡಿಯೋದಲ್ಲೂ ತೋರಿಸಲ್ಲ ನೋಡಿ. ನಾನು ದಿನಕ್ಕೆ ಎರಡು ಸಲ 9 ಮರಿಯ ಹಿಂಭಾಗ ಪರೀಕ್ಷೆ ಮಾಡಿದೆ, ಒಂದು ವಾರ. ಮನೆಯವರು ನನ್ನ ಕೈ ಮುಟ್ಟಲಿಲ್ಲ, ಅದು ಒಳ್ಳೆಯದೇ. ಮರಿ ಎಷ್ಟೇ ಚೊಕ್ಕವಾಗಿ ಕಂಡರೂ ಸಾಲ್ಮೊನೆಲ್ಲಾ ಅನ್ನೋ, ಮನುಷ್ಯರಿಗೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹೊತ್ತಿರಬಹುದು. ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳು ಮುತ್ತು ಕೊಡದ ಹಾಗೆ ನೋಡಿಕೊಳ್ಳಿ.

ನಗು ಬರುವುದೂ ಆಯಿತು. ಮೂರನೇ ದಿನ ಮಧ್ಯಾಹ್ನ ಇಣುಕಿದರೆ ಎಲ್ಲವೂ ಕತ್ತು ಚಾಚಿ, ರೆಕ್ಕೆ ಬಿಟ್ಟು, ನೆಲಕ್ಕೆ ಚಪ್ಪಟೆಯಾಗಿ ಸತ್ತಂತೆ ಬಿದ್ದಿವೆ. ನಾನು ಕಿರುಚಿದೆ. ಅಷ್ಟೂ ಎದ್ದು ನನ್ನನ್ನೇ ನೋಡಿದವು. ಅವು ಮಲಗೋದೇ ಹಾಗಂತೆ!

ಮೇವಿನ ವಿಷಯದಲ್ಲಿ ಒಂದೇ ಮಾತು. ಮೊಟ್ಟೆ ಇಡುವ ಕೋಳಿಯ ಮೇವನ್ನ ಮರಿಗೆ ಹಾಕಬೇಡಿ. ಅದರಲ್ಲಿ ಮೊಟ್ಟೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಜಾಸ್ತಿ, ಮರಿಯ ಮೂತ್ರಪಿಂಡ ಕೆಡುತ್ತೆ. ಮರಿಗೆಂದೇ ಸ್ಟಾರ್ಟರ್ ಅಂತ ಬೇರೆ ಮೇವು ಸಿಗುತ್ತೆ. ಹಾಸಿದ ಹೊಟ್ಟು ಒದ್ದೆಯಾದರೆ ಆಗಿಂದಾಗ ಬದಲಿಸಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಇರಬಹುದು. ಮನೆಮದ್ದು ಮಾಡುತ್ತಾ ಕೂರಬೇಡಿ, ಪಶುವೈದ್ಯರ ಹತ್ತಿರ ಅವತ್ತೇ ಹೋಗಿ.

ಈಗ ಎಂಟು ವಾರ. ಪುಕ್ಕ ಪೂರಾ ಬಂದಿದೆ, ಬಲ್ಬು ತೆಗೆದು ಎರಡು ವಾರ ಆಯಿತು. 9ರಲ್ಲಿ 5 ಹುಂಜ ಅನ್ನುವುದು ಜುಟ್ಟು ನೋಡಿದರೇ ಗೊತ್ತಾಗುತ್ತೆ. ಗಂಡು ಹೆಣ್ಣು ವಿಂಗಡಿಸದೆ ತಂದರೆ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಇರುತ್ತವೆ, ಇದನ್ನ ತರುವ ಮೊದಲೇ ಯೋಚಿಸಬೇಕಿತ್ತು. ನಾನು ಯೋಚಿಸಲಿಲ್ಲ. ನಿನ್ನೆ ಒಂದು ಬೆಳಗಿನ ಜಾವ ಕೂಗಲು ನೋಡಿತು, ಒಡಕು ಬಾಗಿಲು ಕಿರುಗುಟ್ಟಿದ ಹಾಗಿತ್ತು. ಪಕ್ಕದ ಮನೆಯವರು ಇನ್ನೂ ಏನೂ ಅಂದಿಲ್ಲ.

ಮತ್ತೆ ಸಾಕುತ್ತೀರಾ ಅಂತ ಕೇಳುತ್ತಿದ್ದಾರೆ. ಸಾಕುತ್ತೇನೆ, ಆದರೆ ಡಬ್ಬದಲ್ಲಿ ಮರಿ ತರುವುದಿಲ್ಲ. ಈ 4 ಹೇಂಟೆಗಳಲ್ಲಿ ಯಾವುದಾದರೂ ಒಂದು ಕಾವಿಗೆ ಕೂರುವ ತನಕ ಕಾಯುತ್ತೇನೆ. ಅವಳ ಕೆಳಗೆ ಮೊಟ್ಟೆ ಇಟ್ಟು, ಬಾಗಿಲು ಮುಚ್ಚಿ, ರಾತ್ರಿ ನಿದ್ದೆ ಮಾಡುತ್ತೇನೆ.