ಮಂತ್ರ ಬಾರದ ಅಣ್ಣನ ಕಥೆ ಯಾರು ಹೇಳುತ್ತಾರೆ?

ಹದಿಹರೆಯದವರಿಗೆಂದು ಬರೆದ ಫ್ಯಾಂಟಸಿ ಕಾದಂಬರಿಯಲ್ಲಿ ಮಂತ್ರವಿದ್ಯೆಗೆ ನಿಷೇಧವಿದ್ದರೆ, ಕಥೆ ಎತ್ತ ಹೋಗುತ್ತದೆಂದು ಮೊದಲ ಅಧ್ಯಾಯದಲ್ಲೇ ಊಹಿಸಬಹುದು. ಕ್ರೂರ ರಾಜ, ತೀರಿಕೊಂಡ ತಾಯಿ, ತನ್ನೊಳಗೇನಿದೆಯೆಂದು ತಿಳಿಯದ ಹುಡುಗಿ. ಇದರ ಬಗ್ಗೆ ನನಗೆ ತಕರಾರಿಲ್ಲ. ಇಂಥವನ್ನು ಇಷ್ಟಪಟ್ಟೇ ಓದುತ್ತೇನೆ, ಮುಂದೆಯೂ ಓದುವವನೇ. ನನ್ನ ತಕರಾರು ಇಷ್ಟೇ: ಆ ಹುಡುಗಿಯ ಜೊತೆ ಒಂದೇ ಮನೆಯಲ್ಲಿ ಬೆಳೆದ, ಮಂತ್ರ ಬಾರದ ಅಣ್ಣನನ್ನೋ ತಂಗಿಯನ್ನೋ ಈ ಲೇಖಕರು ಏಕೆ ಮೂಲೆಯಲ್ಲಿ ನಿಲ್ಲಿಸಿಬಿಡುತ್ತಾರೆ?

ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ (2018) ಓದಿದವರಿಗೆ ಯಾರ ಬಗ್ಗೆ ಹೇಳುತ್ತಿದ್ದೇನೆಂದು ಗೊತ್ತಾಗಿರುತ್ತದೆ. ಒರೀಶಾ ಎಂಬ ಕಲ್ಪಿತ ರಾಜ್ಯದಲ್ಲಿ ರಾಜ ಸರಾನ್ ಮಂತ್ರವನ್ನು ಅಳಿಸಿಹಾಕಿದ್ದಾನೆ, ಮಂತ್ರ ಬಲ್ಲವರನ್ನು ಕೊಲ್ಲಿಸಿದ್ದಾನೆ. ನಾಯಕಿ ಜೆಲಿಯ ತಾಯಿಯೂ ಹಾಗೆ ಸತ್ತವಳು. ಕತ್ತಿ, ಬೆಂಕಿ, ಬೆನ್ನಟ್ಟುವಿಕೆ ಎಲ್ಲವೂ ಈ ಪುಸ್ತಕದಲ್ಲಿವೆ. ಆದರೆ ಅದರಲ್ಲಿ ನನಗೆ ಅತ್ಯಂತ ಭಯಾನಕವೆನಿಸಿದ್ದು ಒಂದು ತೆರಿಗೆ. ಮಂತ್ರದ ಅಂಶವಿರುವ ಮಕ್ಕಳು ಬಿಳಿಗೂದಲಿನಿಂದಲೇ ಗುರುತು ಸಿಗುತ್ತಾರೆ. ಅಂಥ ಮಗುವಿರುವ ಮನೆಯವರು ಅದಕ್ಕಾಗಿ ತೆರಿಗೆ ಕಟ್ಟಬೇಕು, ಅದು ಏರುತ್ತಲೇ ಹೋಗುತ್ತದೆ. ಜೆಲಿ ಮತ್ತು ಅವಳ ಅಣ್ಣ ಟ್ಜೇನ್ ಮೀನು ಮಾರಲು ಲಾಗೋಸ್ ನಗರಕ್ಕೆ ಹೊರಡುವುದು ಈ ಹಣಕ್ಕಾಗಿ. ಇಡೀ ಕಥೆ ಹೊತ್ತಿಕೊಳ್ಳುವುದೇ ಆ ಪ್ರಯಾಣದಿಂದ.

ನಿಷೇಧವೆಂದರೆ ಏನೆಂದು ಇಲ್ಲಿ ಲೇಖಕಿಗೆ ಚೆನ್ನಾಗಿ ಗೊತ್ತಿದೆ. ರಾಜನಿಗೆ ಪ್ರತಿ ಮನೆಗೂ ಸೈನಿಕನನ್ನು ಕಳಿಸಲಾಗುವುದಿಲ್ಲ. ಆ ಮಗುವನ್ನು ಸಾಕುವುದು ದುಬಾರಿಯಾಗುವಂತೆ ಮಾಡಿದರೆ ಸಾಕು, ಮನೆಯವರೇ ಕಾವಲುಗಾರರಾಗುತ್ತಾರೆ. ಹಾಗಾದರೆ ಆ ನಿಷೇಧದ ಕಥೆ ಹೇಳಬೇಕಾದವನು ಟ್ಜೇನ್. ಅವನಿಗೆ ಮಂತ್ರವಿಲ್ಲ, ಆದರೂ ತಂಗಿಯ ಪಾಲಿನ ದಂಡವನ್ನು ಅವನೂ ತೆರುತ್ತಾನೆ. ಅವಳ ಒಂದು ನಿರ್ಧಾರದಿಂದ ಅವರ ಹಳ್ಳಿ ಇಲೋರಿನ್ ಸುಟ್ಟುಹೋದಾಗ ಅವನಿಗೆ ಬರುವ ಸಿಟ್ಟು ಪುಸ್ತಕದ ಅತ್ಯಂತ ನಿಜವಾದ ಸಿಟ್ಟುಗಳಲ್ಲಿ ಒಂದು. ಈ ಕಾದಂಬರಿಯನ್ನು ಮೂವರು ಸರದಿಯಂತೆ ‘ನಾನು’ ಎಂದು ಹೇಳುತ್ತಾ ಹೋಗುತ್ತಾರೆ: ಜೆಲಿ, ರಾಜಕುಮಾರಿ ಅಮಾರಿ, ರಾಜಕುಮಾರ ಇನಾನ್. ಟ್ಜೇನ್‌ಗೆ ಒಂದು ಅಧ್ಯಾಯವೂ ಇಲ್ಲ! ಅರಮನೆಯ ಅಣ್ಣ ತಂಗಿಗೆ ಒಬ್ಬೊಬ್ಬರಿಗೊಂದು ದನಿ, ಮೀನುಗಾರನ ಮಗನಿಗೆ ಮಾತ್ರ ಇಲ್ಲ. ಇನಾನ್ ತನ್ನೊಳಗೇ ಮೂಡಿದ ಮಂತ್ರವನ್ನು ತಂದೆಯಿಂದ ಮುಚ್ಚಿಡುವ ಭಾಗಗಳು ಚೆನ್ನಾಗಿವೆ, ಒಪ್ಪುತ್ತೇನೆ. ಆದರೂ ನನಗೆ ಟ್ಜೇನ್‌ನ ಒಂದೇ ಒಂದು ರಾತ್ರಿ ಬೇಕಿತ್ತು. ತಂಗಿ ಇಲ್ಲದಿದ್ದರೆ ತನ್ನ ಬದುಕು ಹೇಗಿರುತ್ತಿತ್ತೆಂದು ಅವನು ಯೋಚಿಸಿ, ಯೋಚಿಸಿದ್ದಕ್ಕೇ ನಾಚುವ ರಾತ್ರಿ.

ಇದು ಕಟ್ಟುಕಥೆಗಷ್ಟೇ ಸೇರಿದ ಸಂಗತಿ ಎನ್ನುವವರು 1612ರ ಲ್ಯಾಂಕಾಸ್ಟರ್ ವಿಚಾರಣೆಯ ದಾಖಲೆಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಒಂದನೆಯ ಜೇಮ್ಸ್‌ನ ಕಾಲ. ಮಾಟದ ವಿರುದ್ಧದ 1604ರ ಕಾನೂನು ಜಾರಿಯಲ್ಲಿದೆ. ಪೆಂಡಲ್ ಬೆಟ್ಟದ ಬಡ ಕುಟುಂಬವೊಂದರ ಸುಮಾರು ಒಂಬತ್ತು ವರ್ಷದ ಹುಡುಗಿ ಜೆನೆಟ್ ಡಿವೈಸ್ ತನ್ನ ಹೆತ್ತ ತಾಯಿ ಎಲಿಜಬೆತ್ ವಿರುದ್ಧ ಸಾಕ್ಷಿ ಹೇಳಲು ಬಂದಳು. ಮಗಳನ್ನು ಕಂಡು ತಾಯಿ ಎಷ್ಟು ಅರಚಾಡಿದಳೆಂದರೆ ಅವಳನ್ನೇ ನ್ಯಾಯಾಲಯದಿಂದ ಹೊರಗೆ ಕರೆದೊಯ್ಯಬೇಕಾಯಿತು. ಆಮೇಲೆ ಎಲ್ಲರಿಗೂ ಕಾಣಲೆಂದು ಹುಡುಗಿಯನ್ನು ಮೇಜಿನ ಮೇಲೆ ನಿಲ್ಲಿಸಿ ಮಾತಾಡಿಸಿದರು. ಅಣ್ಣ ಜೇಮ್ಸ್‌ನ ವಿರುದ್ಧವೂ ಅವಳು ಸಾಕ್ಷಿ ನುಡಿದಳು. ಆಗಸ್ಟ್ 20ರಂದು ನೇಣಿಗೇರಿದ ಹತ್ತು ಮಂದಿಯಲ್ಲಿ ಅವಳ ತಾಯಿ, ಅಣ್ಣ, ಅಕ್ಕ ಅಲಿಜನ್ ಮೂವರೂ ಇದ್ದರು. ನ್ಯಾಯಾಲಯದ ಗುಮಾಸ್ತ ಥಾಮಸ್ ಪಾಟ್ಸ್ ಇದನ್ನೆಲ್ಲ ಮರುವರ್ಷವೇ ಪುಸ್ತಕವಾಗಿ ಅಚ್ಚು ಹಾಕಿಸಿದ. 1634ರಲ್ಲಿ ಅದೇ ಕೌಂಟಿಯಲ್ಲಿ ಮತ್ತೊಬ್ಬ ಬಾಲಕನ ಸುಳ್ಳು ಸಾಕ್ಷ್ಯದಿಂದ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಜೆನೆಟ್ ಡಿವೈಸ್ ಎಂಬ ಹೆಸರೂ ಇದೆ.

ಇವಳ ಮುಂದೆ ಯಾವ ಖಳರಾಜ ನಿಲ್ಲುತ್ತಾನೆ? ಕಾನೂನು ರಾಜನದು, ಬಾಯಿ ಮಾತ್ರ ಮನೆಯ ಮಗುವಿನದು. ನಿಷಿದ್ಧ ಮಂತ್ರದ ಕಾದಂಬರಿ ಬರೆಯುವವರು ತಾಯಿಯನ್ನು ಆರಂಭದಲ್ಲೇ ಸಾಯಿಸಿದಾಗ ಕಳೆದುಕೊಳ್ಳುವುದು ಇದನ್ನೇ. ಸತ್ತ ತಾಯಿಗೆ ಸೇಡು ತೀರಿಸಬಹುದು, ಅಷ್ಟೇ. ಬದುಕಿರುವ ತಾಯಿ ಹೆದರುತ್ತಾಳೆ, ಸುಳ್ಳು ಹೇಳುತ್ತಾಳೆ, ಒಬ್ಬ ಮಗುವನ್ನು ಉಳಿಸಲು ಇನ್ನೊಂದರ ಬಾಯಿ ಮುಚ್ಚಿಸುತ್ತಾಳೆ.

ಹ್ಯಾರಿ ಪಾಟರ್‌ನ ದೊಡ್ಡಮ್ಮ ಪೆಟೂನಿಯಾಳನ್ನು ಆರು ಪುಸ್ತಕಗಳುದ್ದಕ್ಕೂ ಬೈದುಕೊಂಡೇ ಓದಿದವರು ನಾವು. 2007ರ ಏಳನೆಯ ಪುಸ್ತಕದಲ್ಲಿ ಗೊತ್ತಾಗುತ್ತದೆ: ತಂಗಿ ಲಿಲಿಗೆ ಮಂತ್ರಶಾಲೆಯ ಕರೆ ಬಂದಾಗ ಇವಳೂ ತನ್ನನ್ನು ಸೇರಿಸಿಕೊಳ್ಳಿರೆಂದು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದಿದ್ದಳು. ಆ ಒಂದು ಸಂಗತಿ ತಿಳಿದ ಮೇಲೆ ಮೊದಲ ಪುಸ್ತಕದ ಅವಳ ಕಟಕಿಯೆಲ್ಲ ಬೇರೆಯಾಗಿಯೇ ಕೇಳಿಸುತ್ತದೆ. ಅವಳು ಒಳ್ಳೆಯವಳಾದಳೆಂದು ನಾನು ಹೇಳುತ್ತಿಲ್ಲ. ಮಗುವನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸಿದವಳಿಗೆ ಕ್ಷಮೆಯಿಲ್ಲ.

ಮಂತ್ರ ಬಾರದವನು ಹೇಳುವ ಕಥೆಯಲ್ಲಿ ಮಂತ್ರದ ಮಜವೇ ಇರುವುದಿಲ್ಲ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ನನಗೆ ಹಾಗನ್ನಿಸುವುದಿಲ್ಲ. ಮಾಡುವವಳಿಗೆ ಮಂತ್ರ ಬಹುಬೇಗ ಅಭ್ಯಾಸವಾಗುತ್ತದೆ; ಮೂರನೆಯ ಅಧ್ಯಾಯದ ಹೊತ್ತಿಗೆ ಅದು ಆಯುಧ, ಹತ್ತನೆಯದರಲ್ಲಿ ನಿಯಮಗಳ ಪಟ್ಟಿ. ಪಕ್ಕದ ಹಾಸಿಗೆಯಲ್ಲಿ ಮಲಗಿದವನಿಗೆ ಮಾತ್ರ ಅದು ಕೊನೆಯವರೆಗೂ ವಿಸ್ಮಯವಾಗಿಯೇ, ಭಯವಾಗಿಯೇ ಉಳಿಯುತ್ತದೆ. ಇಂಥ ಕಾದಂಬರಿ ಬರೆಯುತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಒಂದು ಅಧ್ಯಾಯವನ್ನಾದರೂ ಅವನಿಗೆ ಬಿಟ್ಟುಕೊಡಿ. ನಾನು ಮೊದಲು ಅದನ್ನೇ ತೆರೆದು ಓದುತ್ತೇನೆ.